ವಿಶ್ವವಿದ್ಯಾಲಯ–ಕೈಗಾರಿಕೆ ಸಹಯೋಗ: ಪಟ್ಟಿ ಬಿಟ್ಟು ನಾಲ್ಕು ಪ್ರಶ್ನೆ ಕೇಳಿ

ವಿಶ್ವವಿದ್ಯಾಲಯಗಳೂ ಕಂಪನಿಗಳೂ ಹೇಗೆಲ್ಲ ಕೈಜೋಡಿಸುತ್ತವೆ ಅನ್ನುವ ಪಾಠವನ್ನು ಮೊದಲ ಸಲ ಓದಿದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕನ್ಸಲ್ಟೆನ್ಸಿ, ಪ್ರಾಯೋಜಿತ ಸಂಶೋಧನೆ, ಲೈಸೆನ್ಸ್, ಸ್ಪಿನ್-ಆಫ್, ರಿಸರ್ಚ್ ಪಾರ್ಕ್ ಅಂತ ಪಟ್ಟಿ ಬರೆದು ಬಾಯಿಪಾಠ ಮಾಡಿದೆ. ಎರಡೇ ದಿನಕ್ಕೆ ಎಲ್ಲ ಕಲಸುಮೇಲೋಗರ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಬಾಯಿ ಕಟ್ಟುತ್ತಿತ್ತು.

ಆಮೇಲೆ ಒಂದು ದಾರಿ ಸಿಕ್ಕಿತು. ಹೆಸರು ಏನೇ ಇರಲಿ, ನಾಲ್ಕು ಪ್ರಶ್ನೆ ಕೇಳುವುದು. ಉತ್ತರ ಹುಡುಕುತ್ತಿರುವ ಪ್ರಶ್ನೆ ಯಾರದ್ದು? ದುಡ್ಡು ಯಾರದ್ದು? ಸಿಕ್ಕಿದ್ದರ ಮೇಲೆ ಹಕ್ಕು ಯಾರದ್ದು? ಅದನ್ನು ಹೊರಗೆ ಹೇಳುವ ಅಧಿಕಾರ ಯಾರದ್ದು? ಈ ನಾಲ್ಕಕ್ಕೆ ಉತ್ತರ ಬದಲಾದ ಹಾಗೆ ಸಹಯೋಗದ ರೂಪವೂ ಬದಲಾಗುತ್ತದೆ. ಕೆಳಗಿನದ್ದೆಲ್ಲ ಇದೇ ಕ್ರಮದಲ್ಲಿ ಓದಿಕೊಳ್ಳಿ.

ಕನ್ಸಲ್ಟೆನ್ಸಿ ಎಲ್ಲಕ್ಕಿಂತ ಸುಲಭ. ಕಂಪನಿಗೆ ಒಂದು ತೊಡಕು ಇದೆ, ಪ್ರಾಧ್ಯಾಪಕರಿಗೆ ಅದರ ಬಗ್ಗೆ ಗೊತ್ತಿದೆ, ಬಂದು ಹೇಳಿಹೋಗುತ್ತಾರೆ, ಶುಲ್ಕ ತಗೊಳ್ಳುತ್ತಾರೆ. ಪ್ರಶ್ನೆ, ದುಡ್ಡು, ಫಲಿತಾಂಶ ಮೂರೂ ಸಾಮಾನ್ಯವಾಗಿ ಕಂಪನಿಯದ್ದೇ. ಹೊಸ ಸಂಶೋಧನೆ ಕಡಿಮೆ, ಇರುವ ಜ್ಞಾನದ ಬಳಕೆ ಜಾಸ್ತಿ. ಇದರಲ್ಲಿ ಇನ್ನೇನೂ ಗೋಜಲಿಲ್ಲ, ಮುಂದೆ ಹೋಗೋಣ.

ಪ್ರಾಯೋಜಿತ ಸಂಶೋಧನೆ: ದುಡ್ಡು ಕೊಟ್ಟವರಿಗೆ ಫಲಿತಾಂಶ ಹಿಡಿಸದಿದ್ದರೆ?

ಇಲ್ಲಿ ಕಂಪನಿ ದುಡ್ಡು ಕೊಡುತ್ತದೆ, ವಿಶ್ವವಿದ್ಯಾಲಯ ತನ್ನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತದೆ. ಒಪ್ಪಂದದಲ್ಲಿ ಕೆಲಸದ ವ್ಯಾಪ್ತಿ, ಅವಧಿ, ಓವರ್‌ಹೆಡ್ (ಕಟ್ಟಡ, ಕರೆಂಟು, ಕಚೇರಿ ಖರ್ಚಿನ ಪಾಲು), ಪೇಟೆಂಟ್ ಹಕ್ಕು, ಪ್ರಕಟಣೆ ಎಲ್ಲ ಬರೆದಿರುತ್ತದೆ. ಎಲ್ಲರೂ ದುಡ್ಡಿನ ಸಾಲು ಮೊದಲು ಓದುತ್ತಾರೆ. ನನ್ನ ಕೇಳಿದರೆ ಮೊದಲು ಓದಬೇಕಾದದ್ದು ಪ್ರಕಟಣೆಯ ಸಾಲು. ಯಾಕೆ ಅಂತ ಒಂದು ಪ್ರಕರಣ ನೋಡಿ.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಟ್ಟಿ ಡಾಂಗ್ ಅನ್ನುವ ಔಷಧ ತಜ್ಞೆ ಇದ್ದರು. 1987ರಲ್ಲಿ ಒಂದು ಔಷಧ ಕಂಪನಿ ಅವರ ಅಧ್ಯಯನಕ್ಕೆ ದುಡ್ಡು ಕೊಟ್ಟಿತು. ಸಿಂಥ್ರಾಯ್ಡ್ ಅನ್ನುವ ಅದರ ಥೈರಾಯ್ಡ್ ಮಾತ್ರೆಯನ್ನು ಅದೇ ಔಷಧದ ಬೇರೆ ಮೂರು ಮಾತ್ರೆಗಳ ಜೊತೆ ಹೋಲಿಸಬೇಕಿತ್ತು. ತನ್ನ ಮಾತ್ರೆಯೇ ಮೇಲು ಅಂತ ಸಾಬೀತಾಗುತ್ತದೆ ಅಂತ ಕಂಪನಿಯ ಎಣಿಕೆ. ಬಂದ ಉತ್ತರ ಬೇರೆ: ನಾಲ್ಕೂ ಒಂದೇ ಥರ ಕೆಲಸ ಮಾಡುತ್ತವೆ. ಅಂದರೆ ಕಡಿಮೆ ಬೆಲೆಯ ಮಾತ್ರೆ ಸಾಕು.

ಡಾಂಗ್ ಲೇಖನ ಬರೆದರು. ಒಂದು ದೊಡ್ಡ ವೈದ್ಯಕೀಯ ಪತ್ರಿಕೆ ಅದನ್ನು ಒಪ್ಪಿಕೊಂಡಿತು. 1995ರ ಜನವರಿಯಲ್ಲಿ ಅಚ್ಚಾಗಬೇಕಿತ್ತು. ಆದರೆ ಒಪ್ಪಂದದ ಒಳಗೆ ಒಂದು ಸಾಲಿತ್ತು: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪ್ರಕಟಿಸುವ ಹಾಗಿಲ್ಲ. ಅವರು ಅದಕ್ಕೆ ಸಹಿ ಹಾಕಿದ್ದರು. ಕಂಪನಿ ಆ ಸಾಲನ್ನೇ ಹಿಡಿದುಕೊಂಡಿತು, ಲೇಖನ ವಾಪಸ್ ತಗೊಳ್ಳಬೇಕಾಯಿತು. ಕೊನೆಗೆ ಅದು ಅಚ್ಚಾಗಿದ್ದು 1997ರಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ವೈದ್ಯರಿಗೂ ರೋಗಿಗಳಿಗೂ ಆ ಫಲಿತಾಂಶ ಸಿಗಲಿಲ್ಲ.

ಈಗ ನಾಲ್ಕನೇ ಪ್ರಶ್ನೆ ಯಾಕೆ ಬೇಕು ಅಂತ ಗೊತ್ತಾಯಿತಲ್ವಾ? ಈಗಿನ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವ ರಾಜಿ ಹೀಗಿರುತ್ತದೆ: ಪ್ರಕಟಿಸುವ ಮುಂಚೆ ಕಂಪನಿಗೆ ಕರಡು ತೋರಿಸಬೇಕು. ತನ್ನ ಗುಟ್ಟಿನ ಮಾಹಿತಿ ಇದ್ದರೆ ತೆಗೆಸಲು, ಪೇಟೆಂಟ್ ಅರ್ಜಿ ಹಾಕಲು ಅದಕ್ಕೆ ಕೆಲವು ವಾರ ಅಥವಾ ತಿಂಗಳು ಸಮಯ. ಅದಾದ ಮೇಲೆ ತಡೆಯುವ ಹಾಗಿಲ್ಲ. ತಡ ಮಾಡುವ ಹಕ್ಕು ಬೇರೆ, ತಡೆಯುವ ಹಕ್ಕು ಬೇರೆ. ಈ ವ್ಯತ್ಯಾಸದ ಕೆಳಗೆ ಗೆರೆ ಹಾಕಿಕೊಳ್ಳಿ.

ಜೊತೆಗೂಡಿ ಮಾಡುವ ಸಂಶೋಧನೆ

ಕೆಲವು ಪ್ರಶ್ನೆಗಳು ಒಂದೇ ಕಂಪನಿಯವಲ್ಲ, ಇಡೀ ಉದ್ಯಮದವು. ಆಗ ಹಲವು ಕಂಪನಿಗಳು ವರ್ಷಕ್ಕಿಷ್ಟು ಅಂತ ಸದಸ್ಯ ಶುಲ್ಕ ಕಟ್ಟಿ ವಿಶ್ವವಿದ್ಯಾಲಯದ ಒಂದು ಕೇಂದ್ರವನ್ನು ನಡೆಸುತ್ತವೆ. ಯಾವ ಯೋಜನೆ ಕೈಗೆತ್ತಿಕೊಳ್ಳಬೇಕು ಅಂತ ಕೂತು ತೀರ್ಮಾನಿಸುತ್ತವೆ, ಫಲಿತಾಂಶ ಎಲ್ಲ ಸದಸ್ಯರಿಗೂ ಸಿಗುತ್ತದೆ. ಹೊರಗೆ ಪೈಪೋಟಿ, ಒಳಗೆ ಒಂದೇ ಪಂಕ್ತಿ. ಇಂಥ ಕಡೆ ನಡೆಯುವುದು ಯಾರ ಮಾರುಕಟ್ಟೆಗೂ ನೇರ ಪೆಟ್ಟು ಕೊಡದ ಮೂಲ ಕೆಲಸ. ಮಾರುವ ವಸ್ತುವಿನ ಹತ್ತಿರ ಬಂದ ಕೂಡಲೇ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯದ್ದು ಇನ್ನೊಂದು ಥರ. 1949ರಲ್ಲಿ ಶುರುವಾದ ಇದು ವಿಶ್ವವಿದ್ಯಾಲಯಕ್ಕೂ ಕಾರ್ಖಾನೆಗೂ ನಡುವೆ ನಿಲ್ಲುತ್ತದೆ. ಸುಮಾರು ಮೂರನೇ ಒಂದು ಭಾಗ ದುಡ್ಡು ಸರ್ಕಾರದಿಂದ ಖಾಯಂ ಬರುತ್ತದೆ. ಉಳಿದದ್ದನ್ನು ಕಂಪನಿಗಳ ಗುತ್ತಿಗೆ ಕೆಲಸದಿಂದ, ಸ್ಪರ್ಧೆಯಲ್ಲಿ ಗೆದ್ದ ಯೋಜನೆಗಳಿಂದ ದುಡಿಯಬೇಕು. ಅದರ ಘಟಕಗಳ ನಿರ್ದೇಶಕರು ಸಾಮಾನ್ಯವಾಗಿ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆಗಿರುತ್ತಾರೆ. ನಾವೆಲ್ಲ ಹಾಡು ಕೇಳಿದ ಎಂಪಿ3 ಬೆಳೆದದ್ದು ಎರ್ಲಾಂಗನ್‌ನ ಇಂಥ ಘಟಕ ಮತ್ತು ಅಲ್ಲಿನ ವಿಶ್ವವಿದ್ಯಾಲಯದ ನಡುವೆಯೇ.

ಲೈಸೆನ್ಸ್: ಒಬ್ಬರಿಗೋ, ಎಲ್ಲರಿಗೋ?

ಇಲ್ಲಿ ಕ್ರಮ ತಿರುಗುತ್ತದೆ. ಪ್ರಶ್ನೆ ವಿಶ್ವವಿದ್ಯಾಲಯದ್ದು, ದುಡ್ಡು ಹೆಚ್ಚಾಗಿ ಸರ್ಕಾರದ್ದು. ಶೋಧ ಆದ ಮೇಲೆ ಅದನ್ನು ಬಳಸುವ ಅನುಮತಿ, ಅಂದರೆ ಲೈಸೆನ್ಸ್, ಕೇಳಿಕೊಂಡು ಕಂಪನಿ ಬರುತ್ತದೆ.

ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಇದಕ್ಕೆ ತಿರುವು ಕೊಟ್ಟಿತು. ಅದಕ್ಕೂ ಮುಂಚೆ ಸರ್ಕಾರದ ಕೈಯಲ್ಲಿ ಸುಮಾರು 28,000 ಪೇಟೆಂಟ್ ಇದ್ದವು. ಅವುಗಳಲ್ಲಿ ಉದ್ಯಮಕ್ಕೆ ಲೈಸೆನ್ಸ್ ಆಗಿದ್ದು 5 ಪ್ರತಿಶತಕ್ಕಿಂತ ಕಡಿಮೆ. ಉಳಿದವು ಸುಮ್ನೆ ಕಪಾಟಿನಲ್ಲಿ ಕೂತಿದ್ದವು. ಸರ್ಕಾರದ ದುಡ್ಡಿನಲ್ಲಿ ಆದ ಶೋಧಕ್ಕೂ ವಿಶ್ವವಿದ್ಯಾಲಯವೇ ಹಕ್ಕು ಇಟ್ಟುಕೊಳ್ಳಬಹುದು, ಬಂದ ರಾಯಲ್ಟಿಯಲ್ಲಿ (ಶೋಧ ಬಳಸಿದವರು ಕಟ್ಟುವ ಹಣ) ಶೋಧಕರಿಗೂ ಪಾಲು ಕೊಡಬೇಕು ಅಂತ ಈ ಕಾಯ್ದೆ ಹೇಳಿತು.

ಅದೇ ವರ್ಷ ಕೋಹೆನ್–ಬೋಯರ್ ಪೇಟೆಂಟ್ ಮಂಜೂರಾಯಿತು. ಜೀನ್ ಕತ್ತರಿಸಿ ಜೋಡಿಸುವ ವಿಧಾನ ಅದು, ಲೈಸೆನ್ಸ್ ಕೊಡುವ ಕೆಲಸ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಸ್ಟ್ಯಾನ್‌ಫರ್ಡ್ ಬೇಕಾದರೆ ಒಂದೇ ಕಂಪನಿಗೆ ದೊಡ್ಡ ಮೊತ್ತಕ್ಕೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟಿತು. ವರ್ಷಕ್ಕೆ 10,000 ಡಾಲರ್ ಶುಲ್ಕ, ಮಾಲು ಮಾರಾಟವಾದರೆ ಸಣ್ಣ ರಾಯಲ್ಟಿ. ಒಟ್ಟು 468 ಕಂಪನಿ ಲೈಸೆನ್ಸ್ ಪಡೆದವು. 1997ರಲ್ಲಿ ಅವಧಿ ಮುಗಿಯಿತು. ಎಲ್ಲ ಸೇರಿ ಸುಮಾರು 25.5 ಕೋಟಿ ಡಾಲರ್ ಬಂತು. ಅಗ್ಗವಾಗಿ ಹಂಚಿದ್ದರಿಂದಲೇ ಒಂದು ಉದ್ಯಮ ಬೆಳೆಯಿತು, ಉದ್ಯಮ ಬೆಳೆದಿದ್ದರಿಂದ ದುಡ್ಡೂ ಬಂತು.

ಹಾಗಂತ ಒಬ್ಬರಿಗೇ ಕೊಡುವುದು ತಪ್ಪು ಅಂತಲ್ಲ. ಹೊಸ ಔಷಧ ಅಂದರೆ ಪರೀಕ್ಷೆಗೇ ಅಪಾರ ದುಡ್ಡು, ವರ್ಷಗಟ್ಟಲೆ ಕಾಯಬೇಕು. ಪೈಪೋಟಿದಾರರಿಗೂ ಅದೇ ಹಕ್ಕು ಇದ್ದರೆ ಆ ಖರ್ಚಿಗೆ ಯಾರು ಕೈ ಹಾಕುತ್ತಾರೆ? ಎಲ್ಲರೂ ಬಳಸುವ ಸಲಕರಣೆ ಆದರೆ ಎಲ್ಲರಿಗೂ ಕೊಡಿ. ಒಂದೇ ವಸ್ತುವಾಗಿ ಮಾರುಕಟ್ಟೆಗೆ ಹೋಗಬೇಕಾದರೆ ಒಬ್ಬರಿಗೆ ಕೊಡಿ, ಜೊತೆಗೆ ಇಷ್ಟು ವರ್ಷದೊಳಗೆ ಇಷ್ಟು ಕೆಲಸ ಆಗಬೇಕು ಅಂತ ಷರತ್ತು ಹಾಕಿ. ಇಲ್ಲದಿದ್ದರೆ ಅವರು ಲೈಸೆನ್ಸ್ ತಗೊಂಡು ಅದರ ಮೇಲೆ ಮಲಗಿಬಿಡುತ್ತಾರೆ.

ಇನ್ನೊಂದು ಪ್ರಕರಣ, ಇದು ನನಗೆ ಬಲು ಇಷ್ಟ. ಸ್ಟ್ಯಾನ್‌ಫರ್ಡ್‌ನ ಒಬ್ಬ ಸಂಶೋಧಕ ಕೆಲಸಕ್ಕೆ ಸೇರುವಾಗ "ನನ್ನ ಶೋಧಗಳ ಹಕ್ಕು ಬರೆದುಕೊಡಲು ಒಪ್ಪುತ್ತೇನೆ" ಅಂತ ಸಹಿ ಹಾಕಿದ್ದ. ಆಮೇಲೆ ಪಿಸಿಆರ್ (ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿ ಮಾಡುವ) ತಂತ್ರ ಕಲಿಯಲು ಸೀಟಸ್ ಅನ್ನುವ ಕಂಪನಿಗೆ ಹೋದ. ಅಲ್ಲಿ ಒಳಗೆ ಬಿಡಬೇಕಾದರೆ ಇನ್ನೊಂದು ಕಾಗದ. ಅದರಲ್ಲಿ "ಈ ಮೂಲಕ ಬರೆದುಕೊಡುತ್ತಿದ್ದೇನೆ" ಅಂತಿತ್ತು. ಜಾಗ ಮಾರುವ ಕರಾರಿಗೂ ಕ್ರಯಪತ್ರಕ್ಕೂ ಇರುವಷ್ಟೇ ವ್ಯತ್ಯಾಸ! ಮುಂದೆ ರೋಶ್ ಕಂಪನಿ ಸೀಟಸ್‌ನ ಪಿಸಿಆರ್ ವ್ಯವಹಾರ ಕೊಂಡಿತು. ರಕ್ತದಲ್ಲಿ ಎಚ್‌ಐವಿ ಪ್ರಮಾಣ ಅಳೆಯುವ ವಿಧಾನದ ಪೇಟೆಂಟ್ ವಿಷಯಕ್ಕೆ ಸ್ಟ್ಯಾನ್‌ಫರ್ಡ್ ಅದರ ಮೇಲೆ ಕೇಸು ಹಾಕಿತು. ಮೇಲ್ಮನವಿ ಕೋರ್ಟ್ ಎರಡನೇ ಕಾಗದಕ್ಕೆ ಬೆಲೆ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಟ್ಯಾನ್‌ಫರ್ಡ್ ವಿರುದ್ಧವೇ ಹೇಳಿತು: ಬೇ-ಡೋಲ್ ಕಾಯ್ದೆ ಇದೆ ಅಂದ ಮಾತ್ರಕ್ಕೆ ಹಕ್ಕು ತಾನಾಗಿ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ, ಮೊದಲ ಹಕ್ಕು ಶೋಧಿಸಿದವರದ್ದೇ. ಇಂಟರ್ನ್‌ಶಿಪ್‌ಗೆ ಹೋಗುವಾಗ ಕೊಡುವ ಕಾಗದಗಳನ್ನು ಓದದೆ ಸಹಿ ಹಾಕುವವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ.

ಸ್ಪಿನ್-ಆಫ್, ಪಾರ್ಕ್, ಮತ್ತೆ ಜನ

ಶೋಧವನ್ನು ಕೊಳ್ಳುವ ಕಂಪನಿಯೇ ಇಲ್ಲದಿದ್ದರೆ ಶೋಧಕರೇ ಕಂಪನಿ ಕಟ್ಟುತ್ತಾರೆ. ಅದು ಸ್ಪಿನ್-ಆಫ್. ಹೊಸ ಕಂಪನಿಯ ಹತ್ತಿರ ನಗದು ಇರುವುದಿಲ್ಲ, ಹಾಗಾಗಿ ವಿಶ್ವವಿದ್ಯಾಲಯ ಶುಲ್ಕದ ಬದಲು ಷೇರು ತಗೊಳ್ಳುತ್ತದೆ. ಗೂಗಲ್ ಹುಡುಕಾಟದ ಹಿಂದಿನ ಪೇಜ್‌ರ್‍ಯಾಂಕ್ ಪೇಟೆಂಟ್ ಸ್ಟ್ಯಾನ್‌ಫರ್ಡ್‌ದು. ಅದಕ್ಕೆ ಪ್ರತಿಯಾಗಿ ಬಂದ ಷೇರುಗಳನ್ನು ವಿಶ್ವವಿದ್ಯಾಲಯ ಸುಮಾರು 33.6 ಕೋಟಿ ಡಾಲರ್‌ಗೆ ಮಾರಿತು. ಇದನ್ನು ಮಾದರಿ ಅಂತ ಬರೆಯಬೇಡಿ, ಅಪವಾದ ಅಂತ ಬರೆಯಿರಿ. ಶೋಧಗಳನ್ನು ಕಂಪನಿಗಳಿಗೆ ದಾಟಿಸಲು ವಿಶ್ವವಿದ್ಯಾಲಯಗಳು ಇಟ್ಟುಕೊಂಡ ತಂತ್ರಜ್ಞಾನ ವರ್ಗಾವಣೆ ಕಚೇರಿಗಳಲ್ಲಿ ಹೆಚ್ಚಿನವು ತಮ್ಮ ಖರ್ಚನ್ನೂ ಹುಟ್ಟಿಸಿಕೊಳ್ಳುವುದಿಲ್ಲ.

ರಿಸರ್ಚ್ ಪಾರ್ಕ್ ಅಂದರೆ ವಿಶ್ವವಿದ್ಯಾಲಯದ ಪಕ್ಕದಲ್ಲೇ ಕಂಪನಿಗಳಿಗೆ ಜಾಗ. ಅದರ ಕತೆಯೂ ಸ್ವಾರಸ್ಯದ್ದೇ. ಸ್ಟ್ಯಾನ್‌ಫರ್ಡ್‌ಗೆ ಸ್ವಂತ ಜಮೀನು ಬೇಕಾದಷ್ಟಿತ್ತು, ಆದರೆ ದಾನ ಕೊಟ್ಟವರ ಷರತ್ತಿನಿಂದ ಮಾರುವ ಹಾಗಿರಲಿಲ್ಲ. ಹಾಗಾಗಿ 1951ರಿಂದ ಕಂಪನಿಗಳಿಗೆ ಗುತ್ತಿಗೆಗೆ ಕೊಡತೊಡಗಿತು. ಮೊದಲು ಬಂದದ್ದು ವೇರಿಯನ್ ಅಸೋಸಿಯೇಟ್ಸ್. ಅದನ್ನು ಕಟ್ಟಿದವರಿಗೆ ಸ್ಟ್ಯಾನ್‌ಫರ್ಡ್‌ನ ಪ್ರಯೋಗಾಲಯದ ನಂಟು ಮೊದಲೇ ಇತ್ತು. ಇದನ್ನು ನೋಡಿ ಎಷ್ಟೋ ಊರುಗಳು ಕಟ್ಟಡ ಕಟ್ಟಿ ಫಲಕ ಹಾಕಿದವು. ಪ್ರಯೋಗಾಲಯಕ್ಕೂ ಕಂಪನಿಗೂ ಓಡಾಡುವ ಜನ ಇಲ್ಲದಿದ್ದರೆ ಅದು ಬಾಡಿಗೆ ಕಟ್ಟಡ, ಅಷ್ಟೇ. ಆರ್ಥಿಕ ಬೆಳವಣಿಗೆಗೆ ವಿಶ್ವವಿದ್ಯಾಲಯ ಕೊಡುವ ದೊಡ್ಡ ಕಾಣಿಕೆ ಪೇಟೆಂಟ್ ಅಲ್ಲ, ಪದವಿ ಮುಗಿಸಿ ಹೊರಗೆ ಹೋಗುವ ಹುಡುಗ ಹುಡುಗಿಯರು ಅಂತ ನನ್ನ ಲೆಕ್ಕ. ಅವರಿಗೆ ಲೈಸೆನ್ಸ್ ಬೇಡ, ತಲೆಯಲ್ಲೇ ಹೊತ್ತುಕೊಂಡು ಹೋಗುತ್ತಾರೆ.

ಅಭ್ಯಾಸಕ್ಕೆ ಒಂದು

1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಮೂತ್ರಪಿಂಡ ತಜ್ಞ ರಾಬರ್ಟ್ ಕೇಡ್ ಮತ್ತು ಜೊತೆಗಾರರು ಅಲ್ಲಿನ ಫುಟ್‌ಬಾಲ್ ಆಟಗಾರರಿಗಾಗಿ ಉಪ್ಪು, ಸಕ್ಕರೆಯ ಒಂದು ಪಾನೀಯ ಮಾಡಿದರು. ಅದೇ ಗೇಟರೇಡ್. ಹಕ್ಕು ತಗೊಳ್ಳಿ ಅಂದರೆ ವಿಶ್ವವಿದ್ಯಾಲಯ ಬೇಡ ಅಂದಿತು. ಕೇಡ್ ಅದನ್ನು ಸ್ಟೋಕ್ಲಿ-ವ್ಯಾನ್ ಕ್ಯಾಂಪ್ ಕಂಪನಿಗೆ ಕೊಟ್ಟರು. ವ್ಯಾಪಾರ ಕುದುರಿದ ಮೇಲೆ ಹಕ್ಕು ಯಾರದ್ದು ಅಂತ ಜಗಳ ಕೋರ್ಟ್ ಹತ್ತಿತು. 1972ರ ರಾಜಿಯಲ್ಲಿ ವಿಶ್ವವಿದ್ಯಾಲಯಕ್ಕೆ ರಾಯಲ್ಟಿಯ 20 ಪ್ರತಿಶತ ಸಿಕ್ಕಿತು. ಮೇಲಿನ ನಾಲ್ಕು ಪ್ರಶ್ನೆಗಳನ್ನು ಇದಕ್ಕೆ ಹಾಕಿ ನೋಡಿ. ಮೂರನೆಯದಕ್ಕೆ 1965ರಲ್ಲಿ ಒಂದು ಉತ್ತರ, 1972ರಲ್ಲಿ ಇನ್ನೊಂದು ಬರಬೇಕು.