ರದ್ದು ಅಂದ್ರೆ ಯಾವ್ದು ರದ್ದು?

ಒಂದು ಬಸ್ ಟಿಕೆಟ್ ಆ್ಯಪ್‌ನ ಕನ್ನಡಕ್ಕೆ ತರೋ ಕೆಲಸದಲ್ಲಿದ್ದಾಗ ಜನರ ಕೈಗೆ ಫೋನ್ ಕೊಟ್ಟು ಟೆಸ್ಟ್ ಮಾಡಿಸ್ತಿದ್ವಿ. ಟಿಕೆಟ್ ಕ್ಯಾನ್ಸಲ್ ಮಾಡೋಕೆ ಹೋದ್ರೆ ಸ್ಕ್ರೀನ್ ಮೇಲೆ ಒಂದು ಡಬ್ಬಿ ತೆರ್ಕೊಂಡು "ಟಿಕೆಟ್ ರದ್ದು ಮಾಡಬೇಕೇ?" ಅಂತ ಕೇಳಿ ಕೆಳಗೆ ಎರಡು ಬಟನ್, "ರದ್ದು" ಮತ್ತೆ "ಸರಿ". ಒಬ್ರು ಅಮ್ಮ ಎರಡರ ಮೇಲೂ ಬೆರಳು ಆಡಿಸಿ, ಒತ್ತದೆ, "ರದ್ದು ಅಂದ್ರೆ ಟಿಕೆಟ್ ಹೋಗುತ್ತಾ, ಇಲ್ಲಾ ಈ ಡಬ್ಬಿ ಮುಚ್ಕೊಳ್ಳುತ್ತಾ ಸಾರ್?" ಅಂದ್ರು. ಕೋಡ್ ಬರೆದೋರ ತಲೇಲಿ ಡಬ್ಬಿ ಇತ್ತು, ಅವರ ತಲೇಲಿ ದುಡ್ಡು ಕೊಟ್ಟ ಟಿಕೆಟ್ ಇತ್ತು. ಆಮೇಲೆ "ಟಿಕೆಟ್ ರದ್ದು ಮಾಡಿ", "ಟಿಕೆಟ್ ಇರಲಿ" ಅಂತ ಬದಲಾಯಿಸಿದ್ವಿ, ಮುಂದಿನ ಟೆಸ್ಟಲ್ಲಿ ಯಾರೂ ಆ ಪ್ರಶ್ನೆ ಕೇಳ್ಲಿಲ್ಲ. ಮೇಲಿನ ಪ್ರಶ್ನೆ ಓದದೇ ಇದ್ರೂ ಬಟನ್ ಒಂದನ್ನೇ ನೋಡಿ ಏನಾಗುತ್ತೆ ಅಂತ ಗೊತ್ತಾಗ್ಬೇಕು, ಯಾಕಂದ್ರೆ ನಿಜವಾಗ್ಲೂ ಬಹಳ ಜನ ಪ್ರಶ್ನೆ ಓದೋದೇ ಇಲ್ಲ.

ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಬಟನ್ ಎತ್ತರ ಫಿಕ್ಸ್ ಮಾಡಿರ್ತಾರೆ, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ, "ಸಲ್ಲಿಸಿ" ಅನ್ನೋದರ ಒತ್ತು ಕಟ್ ಆಗಿ "ಸಲಿಸಿ" ಅಂತ ಕಾಣುತ್ತೆ. ಅಗಲಾನೂ ಅಷ್ಟೇ, "ಪೇ" ಕೂರೋ ಜಾಗದಲ್ಲಿ "ಹಣ ಪಾವತಿಸಿ" ಕೂರಲ್ಲ, ಕೊನೆಗೆ ಮೂರು ಚುಕ್ಕಿ ಬರುತ್ತೆ. ದಯವಿಟ್ಟು ಎತ್ತರ ಅಗಲ ಫಿಕ್ಸ್ ಮಾಡ್ಬೇಡಿ, ಪ್ಯಾಡಿಂಗ್ (ಪದದ ಸುತ್ತ ಖಾಲಿ ಜಾಗ) ಕೊಟ್ಟು ಪದಕ್ಕೆ ತಕ್ಕಂತೆ ಬಟನ್ ಬೆಳೆಯೋಕೆ ಬಿಡಿ.

ಬೆರಳಲ್ಲಿ ಒತ್ತೋ ಜಾಗದ ಸೈಜ್ ಎಷ್ಟಿರ್ಬೇಕು ಅಂದ್ರೆ, ಆಪಲ್ 44 ಪಾಯಿಂಟ್ ಅನ್ನುತ್ತೆ, ಆಂಡ್ರಾಯ್ಡ್ 48 ಡಿಪಿ (ಎರಡೂ ಸ್ಕ್ರೀನ್ ಮೇಲಿನ ಅಳತೆಗಳು). ಎಲ್ರೂ ಬಳಸೋಕೆ ಆಗೋ ಹಾಗೆ ವೆಬ್ ಪುಟ ಮಾಡೋಕಿರೋ ಮಾರ್ಗಸೂಚಿ, 2023ರ ಡಬ್ಲ್ಯೂಸಿಎಜಿ 2.2ರಲ್ಲಿ 24 ಪಿಕ್ಸೆಲ್ ಅಂತಿದೆ, ಆದ್ರೆ ಅದು ಕನಿಷ್ಠ, ಗುರಿ ಅಲ್ಲ. ಐಕಾನ್ ಚಿಕ್ಕದಿದ್ರೂ ಪರ್ವಾಗಿಲ್ಲ, ಅದರ ಸುತ್ತ ಬೆರಳಿಗೆ ಸ್ಪಂದಿಸೋ ಜಾಗ ದೊಡ್ಡದಿರ್ಲಿ.

ದುಡ್ಡಿನ ಬಟನ್‌ಗೆ ಮಾತ್ರ ಇನ್ನೂ ಜಾಸ್ತಿ ಕಾಳಜಿ ಬೇಕು. ಬಸ್ ಸ್ಟ್ಯಾಂಡಲ್ಲಿ ನೆಟ್‌ವರ್ಕ್ ಸಿಗ್ದೆ, ಒತ್ತಿದ್ಮೇಲೆ ಬಟನ್ ಹಾಗೇ ಸುಮ್ನೆ ಕೂತಿದ್ರೆ ಯಾರೇ ಆದ್ರೂ ಇನ್ನೊಂದ್ಸಲ ಒತ್ತೇ ಒತ್ತುತ್ತಾರೆ. ಒತ್ತಿದ ಕೂಡ್ಲೇ ಅದರ ಮೇಲೆ "ಪಾವತಿ ಆಗ್ತಿದೆ" ಅಂತ ಬರ್ಬೇಕು, ಎರಡನೇ ಸಲ ಒತ್ತಿದ್ದು ಲೆಕ್ಕಕ್ಕೆ ಬರ್ಬಾರ್ದು, ಸರ್ವರ್ ಕಡೆಯಿಂದಾನೂ ಅದೇ ಬುಕಿಂಗ್‌ಗೆ ಎರಡು ಸಲ ದುಡ್ಡು ಕಟ್ ಆಗದಂಗೆ ತಡೀಬೇಕು, ಬಟನ್ ಒಂದನ್ನೇ ನಂಬ್ಕೊಂಡ್ರೆ ಸಾಲಲ್ಲ.