‘ಚೆನ್ನಾಗೇ ಇದೀನಿ ಸಾರ್’, ಶುಗರ್ 312

ಕಳೆದ ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ಬಂದದ್ದು ಮೊಮ್ಮಗನ ಜ್ವರಕ್ಕೆ. ಅವರು ಕೂತಿದ್ದ ಕಡೆ ನೆಲದ ಮೇಲೆ ರಕ್ತದ ಕಲೆ. ಬಗ್ಗಿ ನೋಡಿದರೆ ಕಾಲ್ಬೆರಳ ಸಂದಿಯಲ್ಲಿ ಇಂಬಳ ಹೊಟ್ಟೆ ತುಂಬಿಸಿಕೊಂಡು ಕೂತಿದೆ. ಇಂಬಳ ಕಚ್ಚಿದ್ದು ಮಲೆನಾಡಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡಿ. ಆದರೆ ಅದರ ಪಕ್ಕದಲ್ಲೇ ಗಂಬೂಟು ಉಜ್ಜಿ ಉಜ್ಜಿ ಆದ ಹುಣ್ಣೊಂದಿತ್ತು, ಅಂಚು ಬೆಳ್ಳಗಾಗಿತ್ತು. ಅದೂ ಅವರಿಗೆ ಗೊತ್ತಿರಲಿಲ್ಲ. ಶುಗರ್ ನೋಡಿದೆ: 312.

“ನಂಗೇನಾಗಿದೆ ಸಾರ್? ಚೆನ್ನಾಗೇ ಇದೀನಿ. ನಿನ್ನೆನೂ ಕೆಲ್ಸಕ್ಕೆ ಹೋಗಿದ್ದೆ.”

ಸುಳ್ಳೇನೂ ಅಲ್ಲ. ನಮ್ಮ ಕಡೆ ಆರೋಗ್ಯ ಅಂದರೆ ಕೆಲಸಕ್ಕೆ ಹೋಗುವಷ್ಟು ಮೈ ಗಟ್ಟಿ ಇರೋದು. ಹಾಸಿಗೆ ಹಿಡಿದರೆ ಕಾಯಿಲೆ. ಜ್ವರ, ವಾಂತಿಭೇದಿಗೆ ಈ ಅಳತೆ ಸಾಕು. ಸಕ್ಕರೆ ಕಾಯಿಲೆಗೆ ಸಾಲದು.

‘ಆರೋಗ್ಯ ಹೇಗಿದೆ’ ಅನ್ನುವ ಪ್ರಶ್ನೆ ಬರೀ ಲೋಕಾಭಿರಾಮದ್ದಲ್ಲ. ಐಡ್ಲರ್ ಮತ್ತು ಬೆನ್ಯಾಮಿನಿ ಎಂಬ ಸಂಶೋಧಕರು 1997ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ‘ನನ್ನ ಆರೋಗ್ಯ ಸರಿಯಿಲ್ಲ’ ಅಂದವರು ಬೇಗ ತೀರಿಕೊಳ್ಳುವ ಸಂಭವ ಹೆಚ್ಚು ಅಂತ ಅವುಗಳಲ್ಲಿ ಬಹುಪಾಲು ಹೇಳುತ್ತಿದ್ದವು, ಬೇರೆ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ. ಹಾಗಾಗಿ ರೋಗಿ ‘ಯಾಕೋ ಸರಿಯಿಲ್ಲ’ ಅಂದರೆ, ರಿಪೋರ್ಟ್ ಚೆನ್ನಾಗಿದ್ದರೂ ನಾನು ನಂಬುತ್ತೇನೆ. ‘ಚೆನ್ನಾಗಿದೀನಿ’ ಅಂದಾಗಲೇ ಸಾಕ್ಸ್ ತೆಗೆಸಿ ನೋಡೋದು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ತಿಂದು ಹಾಕೋದು ನೋವಿನ ಸುದ್ದಿ ತರುವ ನರಗಳನ್ನೇ. ಮೊದಲು ಅಂಗಾಲು ಉರಿಯುತ್ತೆ, ಆಮೇಲೆ ಉರಿ ತಾನಾಗೇ ನಿಲ್ಲುತ್ತೆ. ಜನ ‘ವಾಸಿಯಾಯ್ತು’ ಅಂದುಕೊಳ್ಳುತ್ತಾರೆ. ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದದ್ದೂ ಗೊತ್ತಾಗದವರನ್ನು ನೋಡಿದ್ದೇನೆ.

ಈ ಅಮ್ಮನಿಗೆ ಎರಡು ವರ್ಷದ ಹಿಂದೆಯೇ ಮಾತ್ರೆ ಕೊಟ್ಟಿದ್ದರಂತೆ. ತಿಂಗಳೊಳಗೆ ಬಿಟ್ಟರು. “ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ, ಬೆವರು ಕಿತ್ಕೊಂಡು ಬರುತ್ತೆ. ಬಿಟ್ಟ ಮೇಲೆ ಆರಾಮಾದೆ.” ವೈದ್ಯರು ಇದನ್ನು ನೆಪ ಅಂತ ತಳ್ಳಿಹಾಕೋದು ಉಂಟು. ಆದರೆ ಮುನ್ನೂರಕ್ಕೆ ಒಗ್ಗಿಹೋದ ಮೈಗೆ ಸಕ್ಕರೆ 130ಕ್ಕೋ 140ಕ್ಕೋ ಇಳಿದರೆ, ತೀರಾ ಕಡಿಮೆಯಾದಂತೆಯೇ ಆಗುತ್ತೆ. ನಡುಕ, ಬೆವರು, ಹಸಿವು ಎಲ್ಲ ನಿಜ. ಮೈ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು. (ನಿಜವಾಗಿಯೂ 70ಕ್ಕಿಂತ ಕೆಳಗಿಳಿದರೆ ಮಾತು ಬೇರೆ. ನಡುಕ ಬಂದಾಗ ಒಮ್ಮೆ ಪರೀಕ್ಷೆ ಮಾಡಿಸಲೇಬೇಕು.) ಕಾಯಿಲೆ ಮೈಗೆ ಗೊತ್ತಾಗಲ್ಲ, ಔಷಧಿ ಗೊತ್ತಾಗುತ್ತೆ. ಹಾಗಿದ್ದಾಗ ಮಾತ್ರೆ ಬಿಟ್ಟದ್ದರಲ್ಲಿ ಅವರ ಮಟ್ಟಿಗೆ ಲೆಕ್ಕ ಸರಿಯಾಗೇ ಇತ್ತು. ನಡುಕ ಬರಬಹುದು ಅಂತ ಮೊದಲ ದಿನವೇ ಯಾರೂ ಅವರಿಗೆ ಹೇಳಿರಲಿಲ್ಲ.

ಮಾತ್ರೆ ಬಿಡದವರದ್ದು ಇನ್ನೊಂದು ಕಥೆ. ಪರೀಕ್ಷೆಗೆ ಎರಡು ದಿನ ಮುಂಚೆ ಕಡುಬು, ಅಕ್ಕಿರೊಟ್ಟಿ ಎಲ್ಲಾ ಬಂದ್, ರಾತ್ರಿ ಬರೀ ಮಜ್ಜಿಗೆ. ಖಾಲಿ ಹೊಟ್ಟೆಯ ಶುಗರ್ ಅಚ್ಚುಕಟ್ಟಾಗಿ ಬರುತ್ತೆ. ‘ಮೂರು ತಿಂಗಳ ಶುಗರ್’ ಅಂತ ಲ್ಯಾಬಿನವರು ಕರೆಯುವ ಎಚ್‌ಬಿಎ1ಸಿ ಮಾಡಿಸಿದಾಗ ಹಬ್ಬದೂಟವೆಲ್ಲ ಬಯಲಿಗೆ ಬರುತ್ತೆ. ಆಗ ಅವರೂ ನಗುತ್ತಾರೆ, ನಾನೂ.

ನಗಲಾರದ ಗುಂಪೂ ಇದೆ. ಬಿಪಿ ಪೂರ್ತಿ ಹತೋಟಿಯಲ್ಲಿದ್ದರೂ ದಿನಕ್ಕೆ ಆರು ಸಲ ಮಿಷನ್ ಕಟ್ಟಿಕೊಳ್ಳುವವರು. ಕಾಯಿಲೆಯ ಹೆಸರು ಬಿದ್ದ ದಿನದಿಂದ ವಾಕಿಂಗ್ ಬಿಟ್ಟು ಕುರ್ಚಿ ಹಿಡಿದಿರುತ್ತಾರೆ. ಮೊದಲು ಆ ಮಿಷನ್ನನ್ನು ಬೀರುವಿಗೆ ಸೇರಿಸಿ, ವಾರಕ್ಕೊಮ್ಮೆ ತೆಗೆದರೆ ಸಾಕು ಅನ್ನುತ್ತೇನೆ.

ನಾನೂ ತಪ್ಪು ಮಾಡಿದ್ದೇನೆ. ವರ್ಷಗಳ ಹಿಂದೆ ಆ ಅಮ್ಮನ ಹಾಗೇ ಮಾತ್ರೆ ಬಿಟ್ಟ ಒಬ್ಬರಿಗೆ “ಕಾಲು ತೆಗೆಸ್ಕೊಬೇಕಾ?” ಅಂತ ಗದರಿದ್ದೆ. ಎಂಟು ತಿಂಗಳು ಅವರು ಈ ಕಡೆ ತಲೆ ಹಾಕಲಿಲ್ಲ. ಈಗ “ಮಾತ್ರೆ ತಗೊಂಡ್ರಾ?” ಅಂತ ಕೇಳೋದನ್ನೇ ಬಿಟ್ಟಿದ್ದೇನೆ, ಎಲ್ಲರೂ ಹೂಂ ಅನ್ನುತ್ತಾರೆ. “ಈ ವಾರ ಎಷ್ಟು ದಿನ ತಪ್ಪಿತು, ತಪ್ಪಿದ ದಿನ ಹೇಗಿತ್ತು?” ಅಂತ ಕೇಳಿದರೆ ನಿಜ ಬರುತ್ತೆ.

ಆ ಅಮ್ಮನಿಗೆ ಮಾತ್ರೆಯನ್ನು ಅರ್ಧದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದೆ. ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು. ರಾತ್ರಿ ಮೊಮ್ಮಗ ಅಜ್ಜಿಯ ಅಂಗಾಲು ನೋಡಬೇಕು, ಬೆಳಿಗ್ಗೆ ಗಂಬೂಟು ಬೋರಲು ಹಾಕಿ ಬಡಿದು, ಒಳಗೆ ಕೈ ಆಡಿಸಿಯೇ ಮೆಟ್ಟಬೇಕು ಅಂತ ಹೇಳಿಕೊಟ್ಟೆ. ಹೋದ ಸಲ ಬಂದಾಗ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೊಂದು ಒಣಗಿದ ಕಾಫಿ ಬೀಜ ಇಟ್ಟರು.

“ಬೂಟಲ್ಲಿತ್ತು ಸಾರ್. ಎಷ್ಟ್ ದಿನದಿಂದ ತುಳ್ಕೊಂಡ್ ಓಡಾಡ್ತಿದ್ನೋ!”