ಮೈ ಒಡೆಯುವುದು: ಒಣ ಚರ್ಮ ಎಂದರೇನು?

ಡಿಸೆಂಬರ್ ಬಂತೆಂದರೆ ಬೀದರ್, ಕಲಬುರಗಿ, ವಿಜಯಪುರದ ಕಡೆ ಮೈ ಒಡೆಯಲು ಶುರುವಾಗುತ್ತದೆ. ಕೆನ್ನೆ ಬಿರುಸಾಗುತ್ತದೆ, ತುಟಿಯಲ್ಲಿ ಸಿಪ್ಪೆ ಏಳುತ್ತದೆ, ಹಿಮ್ಮಡಿ ಸೀಳುತ್ತದೆ. ಡಾಕ್ಟರುಗಳು ಇದಕ್ಕೆ ಝೆರೋಸಿಸ್ ಎನ್ನುತ್ತಾರೆ, ಕ್ರೀಮಿನ ಡಬ್ಬಿಗಳ ಮೇಲೆ ‘ಒಣ ಚರ್ಮ’ ಎಂದಿರುತ್ತದೆ. ಚರ್ಮದ ತೀರಾ ಹೊರಗಿನ ಪದರದಲ್ಲಿ ನೀರಿನ ಅಂಶ ಕಡಿಮೆಯಾಗಿ ಅದು ಒರಟಾಗುವುದು, ಬಿಗಿದುಕೊಳ್ಳುವುದು, ಹೊಟ್ಟು ಏಳುವುದು ಎಲ್ಲ ಇದರಲ್ಲೇ ಸೇರಿತು.

ನಿಮ್ಮದು ಒಣಗಿದೆಯಾ ಎಂದು ತಿಳಿಯಲು ಮೊಣಕಾಲಿನ ಕೆಳಗೆ, ಮುಂದುಗಡೆಯ ಎಲುಬಿನ ಮೇಲೆ ಉಗುರಿನಿಂದ ಹಗುರವಾಗಿ ಒಂದು ಗೀರು ಎಳೆದು ನೋಡಿ. ಬೂದಿ ಬಣ್ಣದ ಗೆರೆ ಮೂಡಿ ಹಾಗೇ ನಿಂತರೆ ಒಣಗಿದೆ ಎಂದೇ ಲೆಕ್ಕ. ಆ ಜಾಗದಲ್ಲಿ ಎಣ್ಣೆ ಗ್ರಂಥಿಗಳು ಕಡಿಮೆ. ಅದಕ್ಕೇ ಮುಖ ಚೆನ್ನಾಗಿದ್ದರೂ ಕಾಲು ಮಾತ್ರ ಬೆಳ್ಳಗೆ ಒಡೆದಿರುತ್ತದೆ.

ನೀರು ಹೋಗುವುದು ಎಲ್ಲಿಂದ? ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ವಾಡಿಕೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ ಈ ಮೂರೂ ಸೇರಿ ಆ ಗಾರೆ ಆಗಿದೆ. ಮೈಯ ಬಹುಪಾಲು ಕಡೆ ಈ ಪದರದ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ, ಅಷ್ಟೇ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಇಷ್ಟು ತೆಳುವಾದ ಪದರ! ಗಾರೆ ಉದುರಿದರೆ ಸಂದಿಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ನೀರಿನ ಅಂಶ ಸುಮಾರು ಶೇ 10ಕ್ಕಿಂತ ಕೆಳಗಿಳಿದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ.

ಹಾಗಾಗಿ ‘ನೀರು ಜಾಸ್ತಿ ಕುಡಿಯಿರಿ, ಚರ್ಮ ಸರಿಹೋಗುತ್ತದೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ನೀರು ಕುಡಿಯಬೇಕು, ಅದು ಬೇರೆ ಮಾತು. ಸೋರುವುದು ನಿಲ್ಲದೆ ಎಷ್ಟು ಕುಡಿದರೂ ಮೈ ಒಡೆಯುವುದು ನಿಲ್ಲುವುದಿಲ್ಲ.

ಗಾರೆ ಉದುರಿಸುವ ಕೆಲಸವನ್ನು ಹೆಚ್ಚಾಗಿ ನಾವೇ ಬಚ್ಚಲುಮನೆಯಲ್ಲಿ ಮಾಡುತ್ತೇವೆ. ಚಳಿ ಎಂದು ಹಂಡೆಯ ಸುಡುನೀರನ್ನು ಹೊಯ್ದುಕೊಳ್ಳುತ್ತೇವೆ. ಹಿತವೇನೋ ಹೌದು, ಆದರೆ ಆ ಬಿಸಿಗೆ ಕೊಬ್ಬು ಕರಗಿ ಹೋಗುತ್ತದೆ. ಮೇಲೆ ಸೋಪು. ಆರೋಗ್ಯವಾಗಿರುವ ಚರ್ಮ ಕೊಂಚ ಆಮ್ಲೀಯ, ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಎಂದರೆ ಎರಡೂ ಅಲ್ಲ) ಸುಮಾರು 5. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ಅಡಿಯಿಂದ ಮುಡಿವರೆಗೆ ನೊರೆ ಬರಿಸಿ ಉಜ್ಜಿದಾಗ ಮೈ ‘ಕಿರ್ ಕಿರ್’ ಎನ್ನುತ್ತದಲ್ಲ, ಅದನ್ನೇ ಶುದ್ಧ ಎಂದುಕೊಂಡಿದ್ದೇವೆ. ಇರಬೇಕಾದ ಎಣ್ಣೆಯೂ ಹೋಯಿತು ಎಂಬ ಸೂಚನೆ ಅದು. ಕಂಕುಳು, ತೊಡೆಸಂದಿ, ಪಾದಕ್ಕೆ ಸೋಪು ಸಾಕು. ಹೊಲ, ಗ್ಯಾರೇಜಿನಲ್ಲಿ ದುಡಿದು ಬಂದ ದಿನ ಬಿಟ್ಟರೆ ಉಳಿದ ಮೈಗೆ ಉಗುರುಬೆಚ್ಚಗಿನ ನೀರೇ ಸಾಲುತ್ತದೆ. ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಿ.

ಆಮೇಲಿನ ಎರಡು ಮೂರು ನಿಮಿಷ ಬಹಳ ಮುಖ್ಯ. ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ಒರೆಸಿಕೊಳ್ಳಿ. ಮೈಯಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ, ಬಚ್ಚಲಲ್ಲೇ ನಿಂತು ಎಣ್ಣೆಯನ್ನೋ ಕ್ರೀಮನ್ನೋ ಸವರಿ. ಪೂರ್ತಿ ಆರಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಇರುವುದಿಲ್ಲ. ದುಬಾರಿ ಕ್ರೀಮನ್ನು ಹೊತ್ತು ತಪ್ಪಿ ಹಚ್ಚುವುದಕ್ಕಿಂತ ಅಗ್ಗದ ವ್ಯಾಸಲೀನನ್ನು ಹೊತ್ತಿಗೆ ಸರಿಯಾಗಿ ಹಚ್ಚುವುದು ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ರಾಬರ್ಟ್ ಚೀಸ್‌ಬ್ರೊ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಈ ಪೆಟ್ರೋಲಿಯಂ ಜೆಲ್ಲಿಯಷ್ಟು ಚೆನ್ನಾಗಿ ನೀರು ಆರದಂತೆ ತಡೆಯುವ ವಸ್ತುಗಳು ಇವತ್ತಿಗೂ ಕಡಿಮೆ. ಅಂಟಂಟು ಎನಿಸಿದರೆ ರಾತ್ರಿ ಹಚ್ಚಿ ಮಲಗಿ.

ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಒಣ ಚರ್ಮಕ್ಕೆ ಅದು ಮಿನರಲ್ ಆಯಿಲ್‌ನಷ್ಟೇ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಕೆಲಸ ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಆಲಿವ್ ಎಣ್ಣೆ ಮಾತ್ರ ಬೇಡ, ಅದು ಆ ಗಾರೆಯನ್ನೇ ಸಡಿಲಿಸುತ್ತದೆ. ಎಣ್ಣೆಸ್ನಾನದಲ್ಲಿ ಹಚ್ಚಿದ ಎಣ್ಣೆಯನ್ನು ಸೀಗೆಕಾಯಿ, ಕಡಲೆಹಿಟ್ಟು ಹಾಕಿ ತೆಗೆದುಬಿಡುತ್ತೇವೆ. ಹಾಗಾಗಿ ಚಳಿಗಾಲದಲ್ಲಿ ಸ್ನಾನ ಆದ ಮೇಲೂ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಕೈಕಾಲಿಗೆ ಸವರಿ. ಕ್ರೀಮು ಕೊಳ್ಳುವುದಾದರೆ ಹಿಂದಿನ ಚೀಟಿ ಓದಿ: ಗ್ಲಿಸರಿನ್, ಯೂರಿಯಾ ನೀರನ್ನು ಹಿಡಿದಿಡುತ್ತವೆ. ಪರಿಮಳ ಹಾಕದ್ದೇ ಇರಲಿ.

ಹಿಮ್ಮಡಿಯ ಕತೆ ಬೇರೆ. ಅಂಗೈ, ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಅಲ್ಲಿನ ಚರ್ಮ ದಪ್ಪ, ಮೈಭಾರವೆಲ್ಲ ಅದರ ಮೇಲೆ. ಬರಿಗಾಲಲ್ಲೋ ಹಿಂದೆ ತೆರೆದ ಚಪ್ಪಲಿಯಲ್ಲೋ ಓಡಾಡಿದಾಗ ಹಿಮ್ಮಡಿ ಅಗಲವಾಗಿ, ಅಂಚಿನ ಒಣ ಚರ್ಮ ಸೀಳುತ್ತದೆ. ರಾತ್ರಿ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಯೂರಿಯಾ ಇರುವ ಕ್ರೀಮು ಹಚ್ಚಿ ಕಾಲುಚೀಲ ಹಾಕಿಕೊಳ್ಳಿ. ಬ್ಲೇಡಿನಿಂದ ಹೆರೆಯಬೇಡಿ. ಸಕ್ಕರೆ ಕಾಯಿಲೆ ಇರುವವರಂತೂ ಮನೆಯಲ್ಲಿ ಕಾಲನ್ನು ನೆನೆಸುವುದು, ಕಲ್ಲಿನಿಂದ ತಿಕ್ಕುವುದು ಎರಡನ್ನೂ ಬಿಟ್ಟು, ಸಣ್ಣ ಬಿರುಕಾದರೂ ಡಾಕ್ಟರಿಗೆ ತೋರಿಸಬೇಕು. ಅವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಗಾಯ ಗೊತ್ತೇ ಆಗದೆ ಬೆಳೆಯುತ್ತದೆ.

ವಯಸ್ಸಾದಂತೆ ಎಣ್ಣೆ ಒಸರುವುದು ಇಳಿಯುತ್ತದೆ, ಅದಕ್ಕೇ ಅಜ್ಜ ಅಜ್ಜಿಯರಿಗೆ ರಾತ್ರಿ ಕಡಿತ ಜಾಸ್ತಿ. ‘ವಯಸ್ಸಾಯ್ತು, ಬಿಡಿ’ ಎಂದು ಸುಮ್ಮನಾಗದೆ ದಿನಾ ಎರಡು ಸಲ ಎಣ್ಣೆಯೋ ಕ್ರೀಮೋ ಹಚ್ಚಿಕೊಡಿ. ಹಾಗೆ ಮಾಡಿದರೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರನ್ನು ಕಾಣಿ. ಚರ್ಮ ಕೆಂಪಾಗಿ ನೀರು ಸೋರಿದರೆ, ಕೆರೆದು ಗಾಯವಾಗಿದ್ದರೆ ಅಷ್ಟು ದಿನ ಕಾಯುವುದೂ ಬೇಡ. ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆಯಲ್ಲೂ ಮೈ ಹೀಗೇ ಒಣಗುತ್ತದೆ, ಅದನ್ನು ರಕ್ತ ಪರೀಕ್ಷೆಯಲ್ಲೇ ತಿಳಿಯಬೇಕು.